ಮಾಮಾನ ಸೈಕಲ್ಲು, ನನ್ನ ಮದುವೆ

ನಮ್ಮ ಮಾಮಾ ಸೈಕಲ್ ಹೊಡೆಯುತ್ತಿದ್ದಾಗ ಎಮ್ಮೆಗಳು ಅವನನ್ನು ಹಿಂದೆ ಹಾಕಿ ಮುಂದೆ ಹೋಗುತ್ತಿದ್ದವು. ಇದು ಉತ್ಪ್ರೇಕ್ಷೆ ಎಂದು ನಿಮಗೆ ಅನ್ನಿಸಿದರೆ ಅದು ನನ್ನ ತಪ್ಪಲ್ಲ, ನೀವು ಅವನನ್ನು ನೋಡಿಲ್ಲ ಅಷ್ಟೆ. ಎರಡು ಗಾಲಿಯ ಮೇಲೆ ಕೂತ ಮನುಷ್ಯ ಬೀಳದೆ ಎಷ್ಟು ಸಾವಕಾಶ ಹೋಗಬಹುದು ಎಂಬುದಕ್ಕೂ ಒಂದು ಮಿತಿ ಇರಬೇಕಲ್ಲವೇ? ಆ ಮಿತಿ ಎಲ್ಲಿದೆ ಎಂದು ಹುಡುಕಲಿಕ್ಕೇ ಈ ಮನುಷ್ಯ ಹುಟ್ಟಿದ್ದಾನೆ ಎಂದು ನಮ್ಮ ಮಾಮಿ, ಅಂದರೆ ಅವನ ಹೆಂಡತಿ, ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಮಾಮಾ ಎಂದರೆ ನಮ್ಮ ಅವ್ವನ ಅಣ್ಣ. ಬಿಜಾಪುರದ ಒಂದು ಕನ್ನಡ ಸಾಲೆಯಲ್ಲಿ ಮಾಸ್ತರ. ನಾನು ಹೇಳುತ್ತಿರುವುದು ಲಡಾಯಿ, ಅಂದರೆ ಎರಡನೆಯ ಮಹಾಯುದ್ಧ, ನಡೆದಿದ್ದ ಕಾಲದ ಮಾತು. ಸಕ್ಕರೆ ಸಿಕ್ಕರೆ ಸೀಮೆಎಣ್ಣೆ ಇಲ್ಲ, ಸೀಮೆಎಣ್ಣೆ ಸಿಕ್ಕರೆ ಸೈಕಲ್ಲಿಗೆ ಟಾಯರ್ ಇಲ್ಲ. ಜೋರಾಗಿ ಹೊಡೆದರೆ ಟಾಯರ್ ಸವೆಯುತ್ತದೆ, ಸವೆದರೆ ಮತ್ತೊಂದು ಸಿಗುವುದಿಲ್ಲ, ಆದ್ದರಿಂದ ಸಾವಕಾಶ ಹೋಗಬೇಕು ಎಂಬುದು ಮಾಮಾನ ವಾದ. ಲಡಾಯಿ ಮುಗಿದು ಟಾಯರುಗಳು ಅಂಗಡಿಯಲ್ಲಿ ನೇತಾಡತೊಡಗಿದ ಮೇಲೂ ಅವನ ವೇಗ ಎಳ್ಳಷ್ಟೂ ಹೆಚ್ಚಲಿಲ್ಲ. ಆಗ ಏನು ಕಾರಣ ಕೊಟ್ಟ ಎಂದು ಕೇಳುತ್ತೀರಾ? ಕಾಲಿಗೆ ರೂಢಿಯಾಗಿಬಿಟ್ಟಿದೆ ಎಂದ.

ವರ್ಷಕ್ಕೊಮ್ಮೆ, ಹಿಂಗಾರಿ ಮಳೆ ಹಿಂದೆಗೆದು ಸಾಲೆಗೆ ರಜೆ ಬಿದ್ದ ಕೂಡಲೇ, ಅವನ ಸಂಚಾರ ಸುರುವಾಗುತ್ತಿತ್ತು. ಕರಿ ಕೋಟು, ಕರಿ ಟೊಪ್ಪಿಗೆ, ಧೋತರದ ಅಂಚು ಸರಪಳಿಗೆ ಸಿಗದಂತೆ ಕಾಲಿಗೊಂದು ದಾರ. ಹಿಂದೆ ಕ್ಯಾರಿಯರಿನ ಮೇಲೆ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹಿಂಡಿಯ ಬುತ್ತಿ. ಎಲ್ಲಿಗೆ ಹೊಂಟೀರಿ ಎಂದು ಯಾರಾದರೂ ಕೇಳಿದರೆ ದಿಕ್ಕು ಮಾತ್ರ ಹೇಳುತ್ತಿದ್ದ, ಊರು ಹೇಳುತ್ತಿರಲಿಲ್ಲ. ನಮ್ಮ ಸೀಮೆ ನಿಮಗೆ ಗೊತ್ತಲ್ಲ, ಅಂಗೈಯಷ್ಟು ಸಪಾಟು. ಗೋಳಗುಮ್ಮಟ ಹರದಾರಿಗಟ್ಟಲೆ ದೂರದಿಂದ ಕಾಣುತ್ತದೆ. ಒಂದು ಸಲ ಮಾಮಾ ಮುಂಜಾನೆ ಹೊರಟು, ಊಟದ ಹೊತ್ತಿಗೆ ಒಂದು ಬೇವಿನ ಮರದ ಕೆಳಗೆ ಇಳಿದು ತಿರುಗಿ ನೋಡಿದನಂತೆ. ಗುಮ್ಮಟ ಹೊರಟಾಗ ಎಷ್ಟು ದೊಡ್ಡದಿತ್ತೋ ಅಷ್ಟೇ ದೊಡ್ಡದಿತ್ತು! ಅದನ್ನು ಕಟ್ಟಿದವರ ಹೆಚ್ಚುಗಾರಿಕೆ ಅದು ಎಂದು ಮನೆಗೆ ಬಂದು ನಮಗೆಲ್ಲ ವಿವರಿಸಿದ.

ಆ ದಿನಗಳಲ್ಲಿ ಡೋಣಿ ಹೊಳೆ ದಂಡೆ ಮೀರಿ ಹರಿದು ಇಳಿದಿರುತ್ತಿತ್ತು. ಎರೆಹೊಲಗಳ ತಗ್ಗಿನಲ್ಲೆಲ್ಲ ನೀರು ನಿಂತು, ಜೊಂಡು ಎದ್ದು, ಬೆಳ್ಳಕ್ಕಿಗಳು ಸಾಲಾಗಿ ಕೂತಿರುತ್ತಿದ್ದವು. ಮಮದಾಪುರದ ಕೆರೆಯ ಏರಿಯ ಮೇಲೆ ಸೈಕಲ್ ಆನಿಸಿ ಇಡೀ ದಿನ ಕೂತು ಬಂದದ್ದನ್ನು ಮಾಮಾ ಕಾಶಿಗೆ ಹೋಗಿ ಬಂದವರಂತೆ ಹೇಳುತ್ತಿದ್ದ. ಅಲ್ಲಿ ಏನು ಮಾಡಿದಿ ಎಂದರೆ, ನೀರು ನೋಡಿದೆ ಎನ್ನುತ್ತಿದ್ದ.

ಎರೆಮಣ್ಣು ಒದ್ದೆಯಾದರೆ ಏನಾಗುತ್ತದೆ ಎಂದು ಅದರಲ್ಲಿ ನಡೆದವರಿಗೇ ಗೊತ್ತು. ಹತ್ತು ಹೆಜ್ಜೆ ಹೋಗುವುದರೊಳಗೆ ಗಾಲಿಗೂ ಅದರ ಮೇಲಿನ ತಗಡಿಗೂ ನಡುವೆ ಮಣ್ಣು ಗಟ್ಟಿಯಾಗಿ ತುಂಬಿ ಗಾಲಿ ತಿರುಗುವುದೇ ಇಲ್ಲ. ಮಾಮಾ ಒಂದು ಚಪ್ಪಟೆ ಕಟ್ಟಿಗೆಯಿಂದ ಅದನ್ನು ಕೆರೆಯುವುದು, ಹತ್ತು ಹೆಜ್ಜೆ ಹೋಗುವುದು, ಮತ್ತೆ ಕೆರೆಯುವುದು. ಕೊನೆಗೆ ಬೇಸತ್ತು ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ಹೊರಟುಬಿಡುತ್ತಿದ್ದ. ಹಾಗೆ ಹೊತ್ತು ಹೋಗುವಾಗ ಹೊಲದಲ್ಲಿದ್ದ ಒಬ್ಬ ಒಕ್ಕಲಿಗ, "ಮಾಸ್ತರ್ರ, ಗಾಡಿ ಮ್ಯಾಲ ನೀವು ಕೂಡೂದೋ, ನಿಮ್ಮ ಮ್ಯಾಲ ಗಾಡಿ ಕೂಡೂದೋ?" ಎಂದು ಕೇಳಿದನಂತೆ. "ಪಾಳಿ ಹಚ್ಚೇವ್ರಿ" ಎಂದು ಹೇಳಿ ಮಾಮಾ ಮುಂದೆ ನಡೆದ.

ಇಂಥ ಮನುಷ್ಯನ ಕೈಗೆ ನನ್ನ ಮದುವೆ ಹೋಗಿ ಸಿಕ್ಕಿಕೊಂಡಿತು.

ನನಗೆ ಹದಿನಾಲ್ಕು ತುಂಬಿತ್ತು. ನಮ್ಮ ಓಣಿಯ ನನ್ನ ವಾರಿಗೆಯವರೆಲ್ಲ ಒಬ್ಬೊಬ್ಬರಾಗಿ ಗಂಡನ ಮನೆಗೆ ಹೋಗುತ್ತಿದ್ದರು. ಹತ್ತಿ ಗಿರಣಿಯಲ್ಲಿ ಕಾರಕೂನನಾಗಿದ್ದ ಅಪ್ಪನಿಗೆ ರಜೆ ಸಿಗುವುದು ಕಷ್ಟ. ಅವನಿಗೊಂದು ಉಪಾಯ ಹೊಳೆಯಿತು. ಹೆಂಗೂ ಊರೂರು ಸುತ್ತುತ್ತೀರಿ, ಬಬಲೇಶ್ವರದಲ್ಲಿ ಒಬ್ಬ ಹುಡುಗ ಇದ್ದಾನಂತೆ, ಹೋದ ದಾರಿಯಲ್ಲಿ ಮನೆತನ ನೋಡಿಕೊಂಡು ಬನ್ನಿ ಎಂದು ಮಾಮಾನಿಗೆ ಹೇಳಿದ. ಆ ಮಾತು ಆಡಿದ್ದಕ್ಕೆ ಅಪ್ಪ ಮೂರು ವರ್ಷ ಪಶ್ಚಾತ್ತಾಪಪಟ್ಟ. ಅಪ್ಪನ ಪಶ್ಚಾತ್ತಾಪ ಇರಲಿ, ನನ್ನ ಗತಿ ಏನು? ನನಗೆ ಮದುವೆ ಬೇಕಿತ್ತು. ಈಗಿನ ಹುಡುಗಿಯರು ಇದನ್ನು ಓದಿ ನಕ್ಕರೆ ನಗಲಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಬಬಲೇಶ್ವರ ಬಿಜಾಪುರದಿಂದ ಸೈಕಲ್ಲಿನ ಮೇಲೆ ಅರ್ಧ ದಿನದ ದಾರಿ. ಮಾಮಾ ಐದನೆಯ ದಿನ ತಿರುಗಿ ಬಂದ. ಕೈಕಾಲು ತೊಳೆದು ಕೂತು ವರದಿ ಒಪ್ಪಿಸಿದ. ಡೋಣಿ ದಾಟುವಲ್ಲಿ ನೀರು ಎಷ್ಟಿತ್ತು, ಯಾವ ಊರಿನ ಮಜ್ಜಿಗೆ ಹುಳಿ, ಯಾವ ಹೊಲದಲ್ಲಿ ಜೋಳ ಮೊಳಕಾಲೆತ್ತರ ಬಂದಿದೆ, ಒಂದು ಕೊಕ್ಕರೆ ತನ್ನನ್ನು ನೋಡಿಯೂ ಹಾರದೆ ಹೇಗೆ ನಿಂತಿತ್ತು, ಎಲ್ಲ ಬಂತು. ಅಪ್ಪ ತಾಳ್ಮೆಯಿಂದ ಕೇಳಿದ. ಕೊನೆಗೆ, "ಹುಡುಗ ಹೆಂಗದಾನ?" ಎಂದ.

"ಹುಡುಗ ಇದ್ದ."

"ಇದ್ದ ಅಂದ್ರ?"

"ಮನ್ಯಾಗ ಇದ್ದ. ಆದ್ರ ಬಾವಿ ಇರಲಿಲ್ಲ."

ಆಗ ಗೊತ್ತಾಯಿತು ನಮಗೆ ಅವನ ಪದ್ಧತಿ. ನಮ್ಮ ಕಡೆ ಮನೆತನ ನೋಡುವುದೆಂದರೆ ಹೊಲ ಎಷ್ಟು, ಎತ್ತು ಎಷ್ಟು, ನೆಲದೊಳಗಿನ ಹಗೆಯಲ್ಲಿ ತುಂಬಿಟ್ಟ ಜೋಳ ಎಷ್ಟು, ಹಿರಿಯರ ನಡತೆ ಹೇಗೆ, ಇಷ್ಟು ನೋಡುವುದು. ಮಾಮಾ ಇದೊಂದನ್ನೂ ಕೇಳುತ್ತಿರಲಿಲ್ಲ. ಡೋಣಿ ಸೀಮೆಯ ಬಾವಿಗಳಲ್ಲಿ ಬಹಳಷ್ಟು ಸವಳು ನೀರು, ಬಾಯಿಗಿಟ್ಟರೆ ಉಪ್ಪು. ಕುಡಿಯುವ ಸೀನೀರು ಊರಿಗೆ ಒಂದು ಕಡೆಯೋ ಎರಡು ಕಡೆಯೋ. ಮಾಮಾ ಸೈಕಲ್ಲಿನ ಮುಂದಿನ ಗಾಲಿಗೆ ಒಂದು ಕೆಂಪು ಚಿಂದಿ ಕಟ್ಟಿಕೊಂಡು, ವರನ ಮನೆಯ ಹೊಸ್ತಿಲಿನಿಂದ ಸೀನೀರಿನ ಬಾವಿಯವರೆಗೆ ಸೈಕಲ್ ದೂಡಿಕೊಂಡು ಹೋಗಿ, ಚಿಂದಿ ಎಷ್ಟು ಸಲ ಮೇಲೆ ಬಂತು ಎಂದು ಎಣಿಸುತ್ತಿದ್ದ. ಇನ್ನೂರು ಸುತ್ತಿನ ಒಳಗಿದ್ದರೆ ಮುಂದಿನ ಮಾತು. ಹೆಚ್ಚಾದರೆ ನಮಸ್ಕಾರ ಹೇಳಿ ಪೆಡಲ್ ತುಳಿದುಬಿಡುವುದು. ಬಬಲೇಶ್ವರದ ಮನೆ ಮುನ್ನೂರ ಹತ್ತಕ್ಕೆ ಹೋಗಿತ್ತು.

ಅಪ್ಪ ಹಣೆ ಹಣೆ ಬಡಿದುಕೊಂಡ. ಬಾವಿಗೇನು ಹೆಣ್ಣು ಕೊಡುತ್ತೇವೆಯೇ ಎಂದು ಮಾಮಿ ಕೇಳಿದಳು. ಅವ್ವ ಮಾತ್ರ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

ಮರುವರ್ಷ ಕಾಖಂಡಕಿಯ ಕಡೆಯ ಒಂದು ಹಳ್ಳಿ. ಹುಡುಗನ ಅಪ್ಪ ನಮ್ಮಲ್ಲಿಗೆ ಬಂದಾಗ ಹಗೆ ತುಂಬ ಜೋಳ ಇದೆಯೆಂದು ಎದೆ ತಟ್ಟಿ ಹೇಳಿ ಹೋಗಿದ್ದ. ಸರಕಾರ ಊರೂರಿಗೆ ಬಂದು ಲೆವ್ಹಿ ಎಂದು ಜೋಳ ಎತ್ತಿಕೊಂಡು ಹೋಗುತ್ತಿದ್ದ ಕಾಲ ಅದು. ಮಾಮಾ ಊರು ಮುಟ್ಟಿದವನು ಮನೆಯವರಿಗೆ ಸುದ್ದಿ ಕೊಡಬೇಕೋ ಬೇಡವೋ? ಇಲ್ಲ. ಮೊದಲು ಅಳತೆ, ಆಮೇಲೆ ಮಾತು ಎಂಬುದು ಅವನ ನೇಮ. ಕರಿ ಕೋಟು ತೊಟ್ಟ ಮನುಷ್ಯನೊಬ್ಬ ಹೊಸ್ತಿಲಿನಿಂದ ಏನೋ ಅಳೆಯುತ್ತ, ಅಂಕಿ ಹೇಳುತ್ತ ಹೊರಟದ್ದನ್ನು ಕಂಡ ಓಣಿಯ ಬಾಗಿಲುಗಳೆಲ್ಲ ಪಟಪಟ ಮುಚ್ಚಿಕೊಂಡವು. ಬಾವಿಯಿಂದ ಮಾಮಾ ತಿರುಗಿ ಬರುವಷ್ಟರಲ್ಲಿ ಹುಡುಗನ ಅಪ್ಪ ಕೈಮುಗಿದು ನಿಂತಿದ್ದ. ಹಗೆ ಎಂದೋ ಖಾಲಿಯಾಗಿದೆ, ಮನೆಯಲ್ಲಿ ಒಂದು ಕಾಳು ಜೋಳವಿಲ್ಲ, ಮಕ್ಕಳು ಉಪವಾಸ ಬಿದ್ದಾರೆ ಎಂದು ಆಣೆ ಮಾಡಿ ಹೇಳಿದ. ಅಲ್ಲಿ ಬಾವಿ ನೂರ ಎಂಬತ್ತೇ ಸುತ್ತು! ನನ್ನ ದೈವವೇ ಎಂದುಕೊಳ್ಳುವಷ್ಟರಲ್ಲಿ ಮಾಮಾ ಬಂದು ಗಂಭೀರವಾಗಿ ಹೇಳಿದ್ದೇನೆಂದರೆ, ನೀರೇನೋ ಹತ್ತಿರ ಇದೆ, ಆದರೆ ಪಾಪ, ಆ ಮನೆಯಲ್ಲಿ ಉಣ್ಣಲಿಕ್ಕೆ ಇಲ್ಲ.

ಇದನ್ನು ಬಿಡಿಸಿ ಹೇಳಲು ಅಪ್ಪ ಆ ಹಳ್ಳಿಗೆ ಚೀಟಿ ಬರೆಯುವ ಹೊತ್ತಿಗೆ ಅವರು ಬೇರೆ ಹೆಣ್ಣು ಗೊತ್ತು ಮಾಡಿಕೊಂಡಿದ್ದರು.

ಮೂರನೆಯದು ದೊಡ್ಡ ಮನೆತನ. ಎಂಟು ಎತ್ತು, ನಾಲ್ಕು ಆಳು. ಮಾಮಾ ಸೈಕಲ್ ತಿರುಗಿಸಿಕೊಳ್ಳುತ್ತಿದ್ದುದನ್ನು ಕಂಡು ಆ ಮನೆಯ ಹಿರಿಯ ನಕ್ಕು, ನಮ್ಮಲ್ಲಿ ನೀರು ತರಲು ಆಳುಗಳಿದ್ದಾರೆ, ನೀವು ಅಳೆಯುವ ತ್ರಾಸು ತೆಗೆದುಕೊಳ್ಳಬೇಡಿ ಎಂದನಂತೆ. ಆಳು ಒಂದು ದಿನ ಬರದಿದ್ದರೆ ಎಂದು ಮಾಮಾ ಕೇಳಿದ. "ಸೊಸಿ ಇರತಾಳಲ್ರಿ" ಎಂದ ಆ ಹಿರಿಯ. ಅವರು ಕೊಟ್ಟ ಚಹಾ ಕುಡಿಯದೆ ಮಾಮಾ ಎದ್ದು ಬಂದುಬಿಟ್ಟ. ಚಹಾ ಕುಡಿಯದೆ ಬಂದದ್ದು ದೊಡ್ಡ ಅವಮಾನವಾಗಿ, ಸುದ್ದಿ ಸುತ್ತ ಹತ್ತು ಹಳ್ಳಿಗೆ ಹಬ್ಬಿತು. ಬಿಜಾಪುರದಲ್ಲಿ ಒಬ್ಬ ಹುಚ್ಚ ಮಾಸ್ತರ ಇದ್ದಾನೆ, ಅವನ ಸೋದರಸೊಸೆಯನ್ನು ತಂದುಕೊಂಡರೆ ಅವನೂ ಗಂಟು ಬೀಳುತ್ತಾನೆ ಎಂದು ಜನ ಆಡಿಕೊಂಡರು. ಮಾಮಾ ಸೈಕಲ್ಲಿನ ಮೇಲೆ ಒಂದು ಊರಿಗೆ ಹೋಗುವುದರೊಳಗೆ ಆ ಸುದ್ದಿ ಕಾಲ್ನಡಿಗೆಯಲ್ಲಿ ಮೂರು ಊರು ದಾಟಿರುತ್ತಿತ್ತು.

ನನಗೆ ಹದಿನೇಳಾಯಿತು. ಆ ವರ್ಷದ ಪಂಚಮಿಗೆ ನನ್ನ ಗೆಳತಿಯರು ಕಂಕುಳಲ್ಲಿ ಕೂಸು ಹೊತ್ತು ತವರಿಗೆ ಬಂದರು. ಜೋಕಾಲಿ ಆಡುವಾಗ ಕೂಸುಗಳನ್ನು ಹಿಡಿದುಕೊಳ್ಳಲು ನನ್ನ ಕೈಗೆ ಕೊಟ್ಟರು, ನನಗೆ ಬೇರೆ ಕೆಲಸ ಇಲ್ಲವಲ್ಲ! ನಾನು ಎರಡು ಕೂಸು ಹಿಡಿದು ಕಟ್ಟೆಯ ಮೇಲೆ ಕೂತೆ. ಮನೆಗೆ ಬಂದು ಹಿತ್ತಲಲ್ಲಿ ಅತ್ತೆ. ಆವತ್ತಿನಿಂದ ಮಾಮಾ ಬಂದರೆ ನೀರು ಕೊಡುತ್ತಿದ್ದೆನೇ ಹೊರತು ಮಾತು ಆಡುತ್ತಿರಲಿಲ್ಲ.

ಆ ಸಲದ ರಜೆಗೆ ತಿಕೋಟಾದ ಸಂಬಂಧ ಬಂತು. ಹುಡುಗ ದವಾಖಾನೆಯಲ್ಲಿ ಕಂಪೌಂಡರ್. ಹುಚ್ಚ ಮಾಸ್ತರನ ಸುದ್ದಿ ಅವರಿಗೂ ಮುಟ್ಟಿತ್ತು, ಆದರೂ ಬನ್ನಿ ಎಂದಿದ್ದರು. ಇದು ತಪ್ಪಿದರೆ ಮತ್ತೊಂದು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಈ ಸಲ ನಾನೇ ಹೋಗುತ್ತೇನೆ ಎಂದು ಅಪ್ಪ ಹೇಳಿದ, ಗಿರಣಿಯವರು ರಜೆ ಕೊಡಲಿಲ್ಲ. ಮಾಮಾ ಬುತ್ತಿ ಕಟ್ಟಿಕೊಂಡ. ಸೈಕಲ್ ಓಣಿಯ ತಿರುವು ದಾಟುವ ತನಕ ನಾನು ಬಾಗಿಲಲ್ಲಿ ನಿಂತು ನೋಡಿದೆ, ಅಂದರೆ ಬಹಳ ಹೊತ್ತು ನೋಡಿದೆ.

ನಾಲ್ಕನೆಯ ದಿನ ಸಂಜೆಮುಂದೆ ಬಂದ. ನಾನು ಒಳಕೋಣೆಯ ಬಾಗಿಲ ಸಂದಿಯಲ್ಲಿ. ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಅಪ್ಪ ಏನೂ ಕೇಳುವ ಮೊದಲೇ ಮಾಮಾ ಹುಡುಗನ ಸುದ್ದಿ ತೆಗೆದ. ಮೂರು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ ಹುಡುಗನ ಸುದ್ದಿ! ಮಾಮಾ ಹೊಸ್ತಿಲಿಗೆ ಗಾಲಿ ಹಚ್ಚಿದಾಗ ಆ ಹುಡುಗ ನಗಲಿಲ್ಲವಂತೆ. ಏನು ಎಣಿಸುತ್ತೀರಿ ಎಂದು ಕೇಳಿ ತಿಳಿದುಕೊಂಡು, ಚಪ್ಪಲಿ ಮೆಟ್ಟಿ ಜೊತೆಗೆ ಹೊರಟನಂತೆ. ದಾರಿಯಲ್ಲಿ ಒಂದು ತಗ್ಗಿನ ನೀರಿಗೆ ಬೆಳ್ಳಕ್ಕಿಗಳು ಇಳಿದವು, ಮಾಮಾ ಅವನ್ನು ನೋಡುತ್ತ ಲೆಕ್ಕ ಮರೆತ. ಅಲ್ಲಿಯವರೆಗೆ ಇನ್ನೂರ ಹದಿನೆಂಟು ಎಂದು ಹುಡುಗ ಹೇಳಿಕೊಟ್ಟ. ತನಗೆ ಅನುಕೂಲವಾಗುವಂತೆ ಕಡಿಮೆ ಹೇಳಬಹುದಿತ್ತು, ಹೇಳಲಿಲ್ಲ.

"ಹುಡುಗ ಬಂಗಾರದಂಥವ" ಎಂದ ಮಾಮಾ. "ಬಾವಿ ನಾಕನೂರಾ ಆರು. ಆಗೂದಿಲ್ಲ."

ಹಿರಿಯರ ಮುಂದೆ ನಾನು ಎಂದೂ ದನಿ ಎತ್ತಿದವಳಲ್ಲ. ಆವತ್ತು ಬಾಗಿಲು ದೂಡಿಕೊಂಡು ಹೊರಗೆ ಬಂದುಬಿಟ್ಟೆ. "ಮಾಮಾ, ಬಾವಿ ಮ್ಯಾಲ ಅಷ್ಟು ಜೀವ ಇದ್ರ ನನ್ನ ಒಯ್ದು ಅದರಾಗ ದೂಡಿಬಿಡು" ಎಂದೆ.

ಮಾಮಾ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಅವನು ಸಿಟ್ಟಾಗಿದ್ದರೆ ಚೆನ್ನಾಗಿತ್ತು, ಸಿಟ್ಟಾಗಲಿಲ್ಲ.

"ನಿಮ್ಮವ್ವನ್ನ ಕೊಡೂ ಮುಂದ ಮನಿ ನೋಡಾಕ ಹೋದಾವ ನಾನ ಯವ್ವಾ" ಎಂದ. "ಇಪ್ಪತ್ತು ವರ್ಷದಾವ ಇದ್ದೆ. ಬಿಸಲಾಗ ಹೋಗಿದ್ದೆ, ತಂಬಿಗಿ ತುಂಬ ಸೀನೀರು ಕೊಟ್ರು. ಕುಡದೆ. ಎಲ್ಲಿಂದ ತಂದ್ರಿ ಅಂತ ಕೇಳಲಿಲ್ಲ. ಮನಿ ಛಲೋ ಐತಿ ಅಂತ ಬಂದು ಹೇಳಿದೆ."

ಅಪ್ಪನ ಊರು ಡೋಣಿ ದಂಡೆಗೆ. ಊರಿನ ಬಾವಿಗಳೆಲ್ಲ ಸವಳು. ಸೀನೀರಿನ ಬಾವಿ ಎರಡು ಮೈಲಿ ಆಚೆ. ಅಪ್ಪನಿಗೆ ಗಿರಣಿಯಲ್ಲಿ ಕೆಲಸ ಸಿಕ್ಕು, ಬಿಜಾಪುರದಲ್ಲಿ ನಳದ ನೀರಿನ ಮನೆಗೆ ಬರುವವರೆಗೆ, ಹನ್ನೆರಡು ವರ್ಷ, ದಿನಕ್ಕೆ ಎರಡು ಸಲ ಅವ್ವ ಆ ನೀರು ಹೊತ್ತಿದ್ದಳು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಹಳೆಯ ಕಾಲದ ಕಷ್ಟ ಎಂದು ಕೇಳಿ ಬಿಟ್ಟಿದ್ದೆ. ಅವಳ ಕುತ್ತಿಗೆ ಈಗಲೂ ಎಡಕ್ಕೆ ಪೂರ್ತಿ ತಿರುಗುವುದಿಲ್ಲ ಎಂಬುದನ್ನೂ ಅದನ್ನೂ ಕೂಡಿಸಿ ನೋಡಿರಲಿಲ್ಲ.

ಅವ್ವ ಜೋಳ ಕೇರುವ ಮರ ಬದಿಗಿಟ್ಟಳು.

"ದೂರದ್ದು ಏನೂ ಇಲ್ಲ ಅಣ್ಣಾ" ಎಂದಳು. "ಎಲ್ಲಾರೂ ಹೊರತಾರ, ನಾನೂ ಹೊತ್ತೆ. ಮಳಿಗಾಲದಾಗ ಎರಿಮಣ್ಣು ಕಾಲಿಗೆ ಹತ್ತಿ ಕೊಡ ಸಮೇತ ಬಿದ್ದೆ. ಎಬ್ಬಸಾಕ ಒಬ್ಬರೂ ಇರಲಿಲ್ಲ. ಹನ್ನೆರಡು ವರ್ಷ ಆ ದಾರಿ ಒಬ್ಬಾಕಿನ ನಡದೆ." ಆಮೇಲೆ ಮಾಮಾನನ್ನು ಕೇಳಿದಳು. "ಈ ಹುಡುಗ ನಿನ್ನ ಸಂಗಡ ಬಾವಿ ತನಾ ಬಂದ ಅಂದ್ಯಲ್ಲ, ಯಾರರ ಹೇಳಿ ಕಳಿಸಿದ್ರೇನು?"

"ಇಲ್ಲ. ತಾನ ಬಂದ."

"ಹಂಗಾರ ಅಲ್ಲೇ ಕೊಡೂಣು."

ಅಪ್ಪ ಎದ್ದು ಹೊರಗಿನ ಕಟ್ಟೆಗೆ ಹೋದ. ಬಹಳ ಹೊತ್ತು ಒಳಗೆ ಬರಲಿಲ್ಲ. ಮಾಮಾ ಅವ್ವನನ್ನು ನೋಡುತ್ತ ಕೂತಿದ್ದ. ಅವಳು ಮತ್ತೆ ಮರ ಎತ್ತಿಕೊಂಡು ಜೋಳ ಕೇರತೊಡಗಿದಳು.

ನನ್ನನ್ನು ತಿಕೋಟಾಕ್ಕೆ ಕೊಟ್ಟು ಮದುವೆ ಮಾಡಿದರು. ನನ್ನ ಗಂಡ ದಿನಾ ನನ್ನ ಜೊತೆ ನೀರಿಗೆ ಬಂದರು ಎಂದರೆ ಸುಳ್ಳಾದೀತು, ದವಾಖಾನೆಯ ಕೆಲಸ ಇರುತ್ತಿತ್ತು. ಆದರೆ ಬಂದ ದಿನಗಳೂ ಬಹಳ. ಊರವರು ನಕ್ಕರು, ನಮ್ಮವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮೊದಲ ವರ್ಷದ ಪಂಚಮಿಗೆ ನನ್ನನ್ನು ಕರೆಯಲು ಮಾಮಾ ಬಂದ. ನಾನು ಕೊಡ ತೆಗೆದುಕೊಂಡು ಹೊಸ್ತಿಲು ದಾಟುತ್ತಿದ್ದೆ. ಸೈಕಲ್ಲನ್ನು ಗೋಡೆಗೆ ಆನಿಸಿ, ಕೂಡ್ರು ಎಂದರೂ ಕೇಳದೆ ಜೊತೆಗೆ ನಡೆದ. ಬಾವಿಯಲ್ಲಿ ತಾನೇ ಸೇದಿದ. ತುಂಬಿದ ಕೊಡ ಹೆಗಲಿಗೆ ಇಟ್ಟುಕೊಂಡ. ಕರಿ ಕೋಟಿನ ಮಾಸ್ತರ ಕೊಡ ಹೊತ್ತು ಬರುವುದನ್ನು ಜನ ನಿಂತು ನೋಡಿದರು. ನನಗೆ ನಾಚಿಕೆಯಾಗಿ, ಮಂದಿ ನೋಡುತ್ತಾರೆ, ಇತ್ತ ತಾ ಎಂದೆ. ಅವನು ಕೊಡ ಬಿಡಲಿಲ್ಲ.

ಅರ್ಧ ದಾರಿಗೆ ನಿಂತು ಹೆಗಲು ಬದಲಿಸಿದ. ನೀರು ತುಳುಕಿ ಕೋಟು ತೊಯ್ದಿತ್ತು, ಉಸಿರು ಮೇಲೆ ಹತ್ತಿತ್ತು.

"ಇಷ್ಟು ಭಾರ ಇರತೈತಿ ಅಂತ ನನಗ ಗೊತ್ತಿರಲಿಲ್ಲ ತಂಗಿ" ಎಂದ.

ತಂಗಿ ಎಂದು ಅವನು ಕರೆಯುತ್ತಿದ್ದದ್ದು ಅವ್ವನನ್ನು, ನನ್ನನ್ನು ಎಂದೂ ಅಲ್ಲ. ನನಗೆ ಅಳು ಬಂತು. ಮನೆ ಬರುವ ತನಕ ಅವನ ಪಕ್ಕದಲ್ಲೇ ನಡೆದೆ.